ಕಣ್ಣಕ್ಕ ಕಾಲೇಜಿಗೆ ಕಳಿಸಿದ ಫೋಟೋ

ನಿದ್ದೆ ಹೋಗಿದ್ದ ಅತ್ತೆಯ ಕಣ್ಣನ್ನು ಕೈಯಾರೆ ತೆರೆದು ಕಾಲೇಜಿಗೆ ಕಳಿಸಿಬಿಟ್ಟೆನಲ್ಲಾ ಎಂಬ ಚಿಂತೆ ಕಣ್ಣಕ್ಕನನ್ನು ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು. ಹಾಲು ಕಾಯಿಸುವಾಗ ಆ ಕಣ್ಣು, ಬೀದಿಯ ಅಂಗಡಿ ಗಾಜುಗಳಲ್ಲಿ ಆ ಕಣ್ಣು, ಮಗಳ ತಲೆ ಬಾಚುವಾಗ ಕನ್ನಡಿಯಲ್ಲೂ ಆ ಕಣ್ಣು. ಗಾಬರಿಪಡುವಂಥದ್ದೇನಿಲ್ಲ, ಅತ್ತೆ ಗುಂಡುಕಲ್ಲಿನ ಹಾಗಿದ್ದಾರೆ. ಅವಳು ತೆರೆದದ್ದು ಫೋಟೋದಲ್ಲಿದ್ದ ಕಣ್ಣು. ಆದರೆ ಗಾಬರಿಪಡಲು ಕಾರಣ ಬೇಕೆಂದು ಕಾಯುತ್ತ ಕೂರುವ ಪೈಕಿಯವಳಲ್ಲ ಅವಳು. ಇನ್ನು ಕಾರಣವೇ ಸಿಕ್ಕಿದ ಮೇಲೆ ಕೇಳಬೇಕೆ?

ಕಣ್ಣಕ್ಕ ಎಂಬುದು ಅವಳಿಗೆ ಸ್ಟುಡಿಯೋದಲ್ಲಿ ಬಿದ್ದ ಹೆಸರು. ಔಷಧಿ ಅಂಗಡಿಗೂ ಕೀಲಿಕೈ ಮಾಡುವವನ ಗೂಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಆ ಸ್ಟುಡಿಯೋದಲ್ಲಿ ಮುಂದಿನ ಕೋಣೆ ಯಜಮಾನರದು, ಹಿಂದಿನದು ಅವಳದು. ಅವಳ ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಕಂಪ್ಯೂಟರು, ಕಾಲು ಅಲುಗಾಡುವ ಒಂದು ಕುರ್ಚಿ, ಅಷ್ಟೇ. ಯಜಮಾನರು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಗುಂಪು ಫೋಟೋ ತೆಗೆದುಕೊಂಡು ಬರುತ್ತಿದ್ದರು. "ರೆಡಿ" ಎಂದಾಗ ಕಣ್ಣರಳಿಸಿ ಕೂತ ಮಕ್ಕಳು ಕ್ಯಾಮೆರಾ ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಿದ್ದವು. ಹಾಗೆ ಮುಚ್ಚಿದ ಕಣ್ಣನ್ನೆಲ್ಲ ತೆರೆಸುವುದು ಇವಳ ಕೆಲಸ. ಅದೇ ಮಗುವಿನ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರಿಸಬೇಕು. ಅದಿಲ್ಲದಿದ್ದರೆ ಅಣ್ಣನದೋ ತಂಗಿಯದೋ. ಒಮ್ಮೆ ಅದೂ ಸಿಗದೆ, ಪಕ್ಕದಲ್ಲಿ ನಿಂತವನ ಕಣ್ಣನ್ನೇ ಎತ್ತಿ ಅಂಟಿಸಿದ್ದಳು. ಹುಡುಗನ ತಾಯಿ ಫೋಟೋ ನೋಡಿ, "ಈ ವರ್ಷ ನಮ್ಮೋನು ಎಷ್ಟು ಚುರುಕಾಗಿ ಕಾಣ್ತಾನೆ ನೋಡಿ!" ಎಂದು ಇನ್ನೊಂದು ಪ್ರತಿ ಮಾಡಿಸಿಕೊಂಡು ಹೋಗಿದ್ದಳು.

ಶಾಲೆ ಮುಗಿಸಿದ ಬೇಸಿಗೆಯಲ್ಲಿ ಆ ಕುರ್ಚಿಯಲ್ಲಿ ಕೂತವಳು. ಮದುವೆಯಾಯಿತು, ಮಗುವಾಯಿತು, ಮಗು ಎದುರು ಮಾತಾಡುವಷ್ಟು ದೊಡ್ಡದೂ ಆಯಿತು. ಕುರ್ಚಿ ಮಾತ್ರ ಬದಲಾಗಲಿಲ್ಲ. ಅಷ್ಟು ಕಾಲದಲ್ಲಿ ಯಜಮಾನರ ಕ್ಯಾಮೆರಾ ಅವಳ ಕೈಗೆ ಬಂದದ್ದು ಧೂಳು ಒರೆಸುವುದಕ್ಕೆ ಮಾತ್ರ. ಬೇರೆಯವರು ನೋಡಿದ್ದನ್ನು ರಿಪೇರಿ ಮಾಡಿ ಮಾಡಿ ಸಾಕಾಗಿ, ತಾನೂ ಒಂದಿಷ್ಟು ನೋಡಬೇಕು ಎನ್ನಿಸಿ, ಫೋಟೋಗ್ರಫಿಯಲ್ಲಿ ಪದವಿ ಓದುತ್ತೇನೆಂದು ಒಂದು ದಿನ ಬಾಯಿಬಿಟ್ಟಳು.

"ಗುಂಡಿ ಒತ್ತೋದಕ್ಕೆ ಮೂರು ವರ್ಷಾನಾ?" ಯಜಮಾನರು ಬಿದ್ದು ಬಿದ್ದು ನಕ್ಕರು. "ನಮ್ಮಪ್ಪ ನನಗೆ ಮಧ್ಯಾಹ್ನ ಊಟ ಮಾಡ್ತಾ ಮಾಡ್ತಾ ಹೇಳಿಕೊಟ್ಟಿದ್ದು ಕಣಮ್ಮ. ಕೈ ತೊಳೆಯೋ ಹೊತ್ತಿಗೆ ನಾನು ಫೋಟೋಗ್ರಾಫರ್!"

ಅದು ಫೋಟೋ ನೋಡಿದರೇ ಗೊತ್ತಾಗುತ್ತೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಣ್ಣಕ್ಕ ಅದನ್ನು ನೀರು ಕುಡಿದು ಒಳಗೆ ಕಳಿಸಿದಳು.

ಅವಳ ಮುಂದೆ ಎರಡು ಕಾಲೇಜುಗಳಿದ್ದವು. ಒಂದು ಪಕ್ಕದ ಬೀದಿಯಲ್ಲೇ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ದೀಪ ಜೋಡಿಸುವುದು, ಜಾಹೀರಾತಿಗೆ ಸಾಮಾನು ಹೊಳೆಯಿಸುವುದು, ಕಂಪ್ಯೂಟರಿನಲ್ಲಿ ತಿದ್ದುವುದು ಅಲ್ಲಿನ ಪಾಠ. ಇವಳ ಕೈಚಳಕ ನೋಡಿದ್ದೇ ತಡ, "ನೀವು ಬಂದು ಕೂತ್ಕೊಳ್ಳಿ, ಅರ್ಧ ಪಾಠ ನೀವೇ ಮಾಡಬಹುದು" ಎಂದಿದ್ದರು. ಇನ್ನೊಂದು ಊರಾಚೆ, ಹಳೆಯ ಗಿರಣಿ ಕಟ್ಟಡದಲ್ಲಿ. ನೋಡಿಬರೋಣವೆಂದು ಹೋದಾಗ ಅಲ್ಲಿನ ಗೋಡೆಯ ಮೇಲೊಂದು ದೊಡ್ಡ ಫೋಟೋ ತೂಗುಹಾಕಿದ್ದರು: ಕ್ಷೌರದ ಕುರ್ಚಿಯಲ್ಲಿ ಕೂತ ಮುದುಕ, ಮುಖದ ತುಂಬ ನೊರೆ, ಕಣ್ಣು ಮುಚ್ಚಿದೆ. ಯಾರೂ ತೆರೆಸಿರಲಿಲ್ಲ! ಕಣ್ಣಕ್ಕನ ಬೆರಳುಗಳು ಒಮ್ಮೆ ತುರಿಸಿದವು. ಆಮೇಲೆ ಅವಳು ಆ ಮುದುಕನ ಮುಂದೆ ಎಷ್ಟು ಹೊತ್ತು ನಿಂತಳೆಂದರೆ, ಕಟ್ಟಡ ತೋರಿಸುತ್ತಿದ್ದ ಹುಡುಗಿ ಇವಳನ್ನು ಬಿಟ್ಟು ಮುಂದಿನ ಕೋಣೆಗೆ ಹೋಗಿಬಿಟ್ಟಿದ್ದಳು. ಸೇರಿದರೆ ಇಲ್ಲೇ ಎಂದು ಮನಸ್ಸು ಅಲ್ಲೇ ಹೇಳಿತ್ತು.

ಹೇಳಲಿಕ್ಕೇನು, ಮನಸ್ಸಿಗೆ ಮಗುವೇ ಮರಿಯೇ? ಗಿರಣಿ ಕಾಲೇಜಿಗೆ ಹೋದರೆ ಬೆಳಿಗ್ಗೆ ಹೊರಟವಳು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ಈಗಿನ ಹಾಗೆ ಮಧ್ಯಾಹ್ನ ಓಡಿಬಂದು ಮಗಳು ಚಿಟ್ಟುವಿನ ಮೂಗು, ಕೈ, ಕಾಲು ಎಲ್ಲ ಇದ್ದಲ್ಲೇ ಇವೆಯೇ ಎಂದು ಪರೀಕ್ಷಿಸುವುದಕ್ಕಾಗದು. ದಿನವಿಡೀ ಚಿಟ್ಟು ಅತ್ತೆಯ ಕೈಯಲ್ಲಿ. ಆ ಅತ್ತೆಯೋ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವರ್ಷಗಟ್ಟಲೆ ಗೇಟು ಕಾದು ನಿವೃತ್ತರಾದವರು. ಕುರ್ಚಿ ಸಿಕ್ಕರೆ ಸಾಕು, ಮಾತಿನ ನಡುವೆಯೇ ಗೊರಕೆ. ಅವರು ನಿದ್ದೆ ಹೋದಾಗ ಮಗು ಚಿಲಕ ತೆಗೆದರೆ? ಅಂಗಿಯ ಗುಂಡಿ ನುಂಗಿದರೆ? ಮೆಟ್ಟಿಲು? ಬೆಂಕಿಪೆಟ್ಟಿಗೆ? ಬಕೆಟ್ಟು? ಹಾಗೆ ನೋಡಿದರೆ ಕಣ್ಣಕ್ಕನಿಗೆ ಆ ಮನೆಯಲ್ಲಿ ಭಯ ಹುಟ್ಟಿಸದ ವಸ್ತು ಎಂದರೆ ದಿಂಬೊಂದೇ. ಅದರ ಮೇಲೂ ಒಮ್ಮೊಮ್ಮೆ ಅನುಮಾನ.

"ನೀನೇ ಹೇಳು, ಏನು ಮಾಡ್ಲಿ?" ಎಂದು ಗಂಡನ ಜೀವ ತಿಂದಳು. ಅವನು ಲಿಫ್ಟ್ ರಿಪೇರಿ ಮಾಡುವವನು.

"ಲಿಫ್ಟ್ ನಡುವೆ ನಿಂತಾಗ ಒಳಗಿರೋರಿಗೆ ನಾವು ಒಂದೇ ಮಾತು ಹೇಳೋದು," ಎಂದ ಅವನು. "ಎಲ್ಲಾ ಗುಂಡಿ ಒಟ್ಟಿಗೆ ಒತ್ತಬೇಡಿ. ಒಂದನ್ನ ಒತ್ತಿ, ಸುಮ್ಮನೆ ನಿಂತ್ಕೊಳ್ಳಿ."

"ಯಾವುದು ಒತ್ತಲಿ ಅಂತಾನೇ ಅಲ್ವಾ ಕೇಳ್ತಿರೋದು!"

"ಅದು ಒಳಗಿರೋರಿಗೆ ಗೊತ್ತಿರಬೇಕಪ್ಪ," ಎಂದು ಅವನು ಮಗ್ಗುಲು ಬದಲಿಸಿದ.

ಗಿರಣಿ ಕಾಲೇಜಿನವರು ಹತ್ತು ಫೋಟೋ ಕಳಿಸಲು ಹೇಳಿದ್ದರು. ಷರತ್ತು ಒಂದೇ: ಕಂಡದ್ದು ಕಂಡ ಹಾಗೆ ಇರಬೇಕು, ಏನನ್ನೂ ತಿದ್ದಿರಬಾರದು. ಗಂಡನ ಹಳೆಯ ಕ್ಯಾಮೆರಾದಲ್ಲಿ ಅವಳು ತೆಗೆದ ಫೋಟೋಗಳಲ್ಲಿ ಒಂದು ಉಳಿದೆಲ್ಲವನ್ನೂ ಮೂಲೆಗೆ ತಳ್ಳುವಂತಿತ್ತು. ಒಂದು ಮಧ್ಯಾಹ್ನ ಮನೆಗೆ ಓಡಿಬಂದಾಗ ಬಾಗಿಲ ಸಂದಿಯಿಂದ ಕಂಡದ್ದು ಅದು. ಅತ್ತೆ ಎರಡೂ ಕೈಗೆ ಮಗುವಿನ ಕಾಲುಚೀಲ ತೊಟ್ಟು ಬೊಂಬೆಯಾಟ ಆಡಿಸುತ್ತ, ಕಥೆಯ ನಡುವೆಯೇ ನಿದ್ದೆಗೆ ಜಾರಿದ್ದರು. ಬಾಯಿ ತೆರೆದಿತ್ತು. ಒಂದು ಕೈಯ ಬೊಂಬೆ ಇನ್ನೊಂದಕ್ಕೆ ಏನೋ ಹೇಳಹೊರಟು ಗಾಳಿಯಲ್ಲೇ ನಿಂತಿತ್ತು. ಚಿಟ್ಟು ನೆಲದ ಮೇಲೆ ಗಲ್ಲಕ್ಕೆ ಕೈಕೊಟ್ಟು, ಮುಂದೇನಾಯಿತೆಂದು ಕಾಯುತ್ತ ಕೂತಿದ್ದಳು.

ಅದನ್ನು ಕಳಿಸಿದ ದಿನ ಸ್ಟುಡಿಯೋದಲ್ಲಿ ಶಾಲೆಗಳ ಕೆಲಸ ಕುತ್ತಿಗೆಯವರೆಗೆ ಬಂದಿತ್ತು. ಬೆಳಗಿನಿಂದ ಕಣ್ಣು ತೆರೆಸಿ ತೆರೆಸಿ, ಬಿಡುವಿನಲ್ಲಿ ತನ್ನ ಹತ್ತು ಫೋಟೋಗಳನ್ನು ತೆರೆದು ಕೂತಳು. ಕೈ ತನ್ನಷ್ಟಕ್ಕೆ ತಾನು ನಡೆಯಿತು. ಅತ್ತೆ ಕಣ್ಣು ಬಿಟ್ಟಿರುವ ಫೋಟೋ ಮನೆಯಲ್ಲೇ ಇಲ್ಲ. ಫ್ಲಾಶ್ ಕಂಡರೆ ರೆಪ್ಪೆ ಬಡಿಯುವುದು ಅವರ ಜಾಯಮಾನ. ಆದರೆ ಗಂಡನ ಪಾಸ್‌ಪೋರ್ಟ್ ಫೋಟೋ ಅದೇ ಕಂಪ್ಯೂಟರಿನಲ್ಲಿತ್ತು. ಇನ್ನೇನು ಬೇಕು? ಕಣ್ಣು ಕೂರಿಸಿ, ನೆಲದ ಮೇಲಿದ್ದ ಚಿಕ್ಕಪುಟ್ಟ ಕಸಕಡ್ಡಿಯನ್ನೂ ಒರೆಸಿ, ಅಚ್ಚುಕಟ್ಟು ಮಾಡಿ ಕಳಿಸಿಬಿಟ್ಟಳು. ಹಾಗೆ ಮಾಡಿದ್ದು ತಲೆಗೆ ಹೊಳೆದದ್ದು ಗಿರಣಿ ಕಾಲೇಜಿನ ಮೇಡಂ ಫೋನಿಗೆ ರೆಕಾರ್ಡ್ ಮಾಡಿ ಕಳಿಸಿದ್ದ ಮಾತು ಕೇಳಿದಾಗ:

"ನಿಮ್ಮ ಚಿತ್ರಗಳನ್ನ ನೋಡಿದೆವು. ಕುರ್ಚಿ ಮೇಲಿರೋ ಅಜ್ಜಿ ಫೋಟೋ ಬಗ್ಗೆ ಸ್ವಲ್ಪ ಮಾತಾಡಬೇಕಿತ್ತು. ಈ ವಾರ ಮುಗಿಯೋದರೊಳಗೆ ಫೋನ್ ಮಾಡಿ. ಮಾಡದಿದ್ದರೆ ಸೀಟು ಬೇಡ ಅಂತ ತಿಳ್ಕೋತೀವಿ."

ಕಳಿಸಿದ್ದನ್ನು ತೆರೆದು ನೋಡಿದರೆ ಅತ್ತೆ ಬಾಯಿ ತೆರೆದುಕೊಂಡು, ತಲೆ ವಾಲಿಸಿಕೊಂಡು, ಮಗನ ಕಣ್ಣುಗಳನ್ನು ಬೆಕ್ಕಿನ ಹಾಗೆ ಅಗಲಿಸಿಕೊಂಡು ಕೂತಿದ್ದರು. ಮೋಸಗಾತಿ ಎಂದುಕೊಂಡಿರುತ್ತಾರೆ. ಇಲ್ಲವೇ ಹುಚ್ಚಿ. ಫೋನ್ ಎತ್ತಿಕೊಳ್ಳುವಳು, ಕೆಳಗಿಡುವಳು. ಕಡೆಗೆ, ಬಟ್ಟೆ ಅಂಗಡಿಯ ಮೇಲಿನದೇ ಸಾಕು, ತಿದ್ದುವ ಕೈಗೆ ತಿದ್ದುವ ಕಾಲೇಜೇ ಲಾಯಕ್ಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮಧ್ಯಾಹ್ನ ಮನೆಗೂ ಬರಬಹುದಲ್ಲ!

ವಾರದ ಕೊನೆಯ ದಿನ ಸ್ಟುಡಿಯೋಗೆ ರಜೆ. ಕಣ್ಣಕ್ಕ ಬಟ್ಟೆ ಒಣಹಾಕುತ್ತಿದ್ದಾಗ ಚಿಟ್ಟು ಅವಳ ಫೋನ್ ಕೆದಕಿ, ಅಜ್ಜಿಯ ತೊಡೆಯೇರಿ, "ಅಜ್ಜಿ ಗುಮ್ಮ!" ಎಂದು ಕೇಕೆ ಹಾಕಿದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದು ಯಾರ ಕಣ್ಣೇ?"

ಬಟ್ಟೆಯ ಕ್ಲಿಪ್ಪು ಕಣ್ಣಕ್ಕನ ಕೈಯಿಂದ ಜಾರಿತು. "ನಿಮ್ಮ ಮಗನ್ದು ಅತ್ತೆ."

"ಅದಕ್ಕೇ ತೆರೆದಿದ್ರೂ ಏನೂ ಕಾಣದ ಹಾಗಿದೆ." ಅತ್ತೆ ಫೋನನ್ನು ಇನ್ನಷ್ಟು ಹತ್ತಿರ ಹಿಡಿದರು. ಹುಬ್ಬು ಗಂಟಿಕ್ಕಿತು. "ಅದು ಹೋಗ್ಲಿ. ದಾರ ಎಲ್ಲೇ?"

"ಯಾವ ದಾರ?"

"ನನ್ನ ದಾರ ಕಣೇ! ನಿಜವಾದ್ದು ಇದ್ರೆ ತೋರಿಸು."

ಕಣ್ಣಕ್ಕ ತಿದ್ದದ ಫೋಟೋ ತೆಗೆದು ಕೊಟ್ಟಳು. ಅತ್ತೆ ಅದರ ಮೇಲೆ ಬೆರಳಿಟ್ಟು ಎಳೆದರು. ತಮ್ಮ ಕಾಲಿನ ಹೆಬ್ಬೆರಳಿನಿಂದ ಹೊರಟ ಕೆಂಪು ಉಲ್ಲನ್ ದಾರ ಕುರ್ಚಿಯ ಕಾಲನ್ನು ಬಳಸಿ, ನೆಲದ ಮೇಲೆ ಹರಿದು, ಚಿಟ್ಟುವಿನ ಎಡಗಾಲಿಗೆ ಬಂದು ಸೇರಿತ್ತು. ಅಲ್ಲೊಂದು ಪುಟ್ಟ ಗಂಟು. ಆಟದ ದಾರ ಎಲ್ಲೋ ಬಿದ್ದಿದೆ ಎಂದು ಕಣ್ಣಕ್ಕ ಒರೆಸಿ ಹಾಕಿದ್ದ ಕಸ ಅದೇ.

"ಹಾಸ್ಟೆಲಲ್ಲಿ ಗೇಟಿನ ಚಿಲಕಕ್ಕೂ ನನ್ನ ಹೆಬ್ಬೆರಳಿಗೂ ಹೀಗೇ ಕಟ್ಟಿರ್ತಿದ್ದೆ," ಎಂದರು ಅತ್ತೆ. "ಅಷ್ಟು ವರ್ಷದಲ್ಲಿ ಒಂದು ಹುಡುಗೀನೂ ತಪ್ಪಿಸ್ಕೊಂಡಿಲ್ಲ. ನಿನ್ನ ಮಗಳು ತಪ್ಪಿಸ್ಕೋತಾಳಾ? ಇವಳು ಅಲ್ಲಾಡಿದ್ರೆ ಸಾಕು, ನಾನು ಎದ್ದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಹೇಳಿದ್ರೆ ದಾರ ಕುತ್ತಿಗೆಗೆ ಸುತ್ಕೊಂಡ್ರೆ ಅಂತೀಯ. ದಿನಾ ನೀನು ಗೇಟು ತೆಗೆಯೋ ಸದ್ದು ಕೇಳಿದ್ದೇ ಬಿಚ್ಚಿಡ್ತೀನಿ. ಅವತ್ತೊಂದು ದಿನ ಕೇಳಿಸ್ಲಿಲ್ಲ, ಅಷ್ಟೇ."

ಕಣ್ಣಕ್ಕ ಬಾಯಿ ತೆರೆದಳು. ಸರಿಯಾಗಿ ಅದೇ ಮಾತು ಗಂಟಲಲ್ಲಿತ್ತು. ಮುಚ್ಚಿಕೊಂಡಳು.

ಅತ್ತೆ ಎರಡು ಫೋಟೋಗಳನ್ನೂ ಸರಿಸಿ ಸರಿಸಿ ನೋಡಿದರು. "ನೀನು ಇದನ್ನ ಚೆಂದ ಕಾಣ್ಲಿ ಅಂತ ತಿದ್ದಿದ್ದಲ್ಲ. ಚೆಂದಕ್ಕಾಗಿದ್ರೆ ಮೊದಲು ಈ ಬಾಯಿ ಮುಚ್ಚಿಸಿರ್ತಿದ್ದೆ. ಮಗೂನ ನೋಡ್ಕೊಳ್ಳೋಳು ಕಣ್ಣು ಮುಚ್ಚಿದ್ದಾಳಲ್ಲಾ ಅಂತ ನಿನಗೆ ಹೊಟ್ಟೇಲಿ ಸಂಕಟ. ಹೌದೋ ಅಲ್ವೋ?"

ಕೈ ತನ್ನಷ್ಟಕ್ಕೆ ನಡೆಯಿತು ಎಂದು ಇಷ್ಟು ದಿನ ತನಗೇ ಹೇಳಿಕೊಂಡಿದ್ದ ಮಾತು ಈಗ ಅವಳಿಗೇ ಸುಳ್ಳೆನಿಸಿತು. ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ನಿಂತಳು. ಅದರಲ್ಲಿ ಹಿಂಡುವುದಕ್ಕೆ ಏನೂ ಉಳಿದಿರಲಿಲ್ಲ.

"ನಾನು ನಿದ್ದೆ ಮಾಡ್ತೀನಿ. ಮಾಡೇ ಮಾಡ್ತೀನಿ. ಅದನ್ನ ಮುಚ್ಚಿಡೋಕೆ ನೀನ್ಯಾರೇ?" ಅತ್ತೆಯ ದನಿಯಲ್ಲಿ ಸಿಟ್ಟಿಗಿಂತ ಜಂಬ ಹೆಚ್ಚಿತ್ತು. "ಕಾಲೇಜು, ಮೇಡಂ ಅಂತ ನೀನು ಗಂಡನ ಹತ್ತಿರ ಗೋಳಾಡಿದ್ದೆಲ್ಲ ನನಗೂ ಕೇಳಿಸಿದೆ. ನೀನು ದೂರದ ಕಾಲೇಜಿಗಾದ್ರೂ ಹೋಗು, ಪಕ್ಕದ ಬೀದಿಗಾದ್ರೂ ಹೋಗು. ನನ್ನ ನಿದ್ದೆ ನೆಪ ಹೇಳ್ಕೊಂಡು ಮಾತ್ರ ಹತ್ತಿರದ್ದನ್ನ ಆರಿಸ್ಕೋಬೇಡ. ಆ ಮೇಡಂಗೆ ಫೋನ್ ಮಾಡ್ತೀಯೋ, ನಾನೇ ಮಾಡ್ಲೋ? ನಾನು ಮಾಡಿದ್ರೆ ನಿನ್ನ ಗಂಡನ ಕಣ್ಣಿನ ವಿಷಯಾನೂ ಹೇಳ್ತೀನಿ ನೋಡು."

ಆ ಬೆದರಿಕೆ ಕೆಲಸ ಮಾಡಿತು. ಕಣ್ಣಕ್ಕ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡು ಕಿಟಕಿಯ ಬಳಿ ಹೋದಳು. ಹಿಂದಿನಿಂದ ಚಿಟ್ಟು, "ಅಮ್ಮ ಗಾಬರಿ!" ಎಂದು ಅಜ್ಜಿಗೆ ಪಿಸುಗುಟ್ಟಿದ್ದು ಬೀದಿಗೆಲ್ಲ ಕೇಳಿಸುವಂತಿತ್ತು. ಇನ್ನೇನು ಇಟ್ಟುಬಿಡಬೇಕು ಎನ್ನುವಷ್ಟರಲ್ಲಿ ಆ ಕಡೆ ಮೇಡಂ ಎತ್ತಿಕೊಂಡರು.

"ನಮಸ್ಕಾರ ಮೇಡಂ. ನಾನು... ಕುರ್ಚಿ ಮೇಲಿನ ಅಜ್ಜಿ ಫೋಟೋ ಕಳಿಸಿದ್ದೆನಲ್ಲ, ಅವಳು."

"ಓ, ನೀವಾ! ನಾವೆಲ್ಲ ಅದನ್ನ ನೋಡಿ ತಲೆ ಕೆಡಿಸ್ಕೊಂಡಿದೀವಿ. ಅವರು ಎಚ್ಚರವಾಗಿದ್ರಾ, ನಿದ್ದೇಲಿದ್ರಾ?"

"ನಿದ್ದೇಲಿದ್ರು ಮೇಡಂ. ಕಣ್ಣು ನಾನು ತೆರೆದಿದ್ದು. ತಪ್ಪಾಯ್ತು. ಅಲ್ಲೊಂದು ದಾರ ಇತ್ತು, ಅದನ್ನೂ ಅಳಿಸಿದ್ದೆ. ಈಗ ತಿದ್ದದೇ ಇರೋದು ಕಳಿಸಿದ್ರೆ ನೋಡ್ತೀರಾ? ನನಗೆ ನಿಮ್ಮ ಕಾಲೇಜೇ ಬೇಕು."

ಆ ಕಡೆಯಿಂದ ನಗುವನ್ನು ಹಲ್ಲಿನಲ್ಲಿ ಹಿಡಿದಂಥ ದನಿ: "ಕಳಿಸಬೇಡಿ. ನೀವೇ ಹಿಡ್ಕೊಂಡು ಬನ್ನಿ, ಸೀಟು ಇಟ್ಟಿರ್ತೀನಿ. ಆ ದಾರದ ಕಥೆ ಏನು?"

ಕಣ್ಣಕ್ಕ ಹೇಳಲು ತಿರುಗಿದಳು. ಅತ್ತೆ ಆಗಲೇ ಚಿಟ್ಟುವಿನ ಕಾಲಿಗೆ ಕೆಂಪು ದಾರದ ಗಂಟು ಬಿಗಿಯುತ್ತ, ಕುರ್ಚಿಯಲ್ಲಿ ಹಿಂದಕ್ಕೊರಗುತ್ತ, ಅರ್ಧ ಕಣ್ಣು ಮುಚ್ಚಿಕೊಂಡೇ ಕೂಗಿದರು:

"ಬಾಯಿ ಮುಚ್ಚಿಸೋದನ್ನಾದ್ರೂ ಅಲ್ಲಿ ಕಲಿಸ್ತಾರಾ ಕೇಳೇ!"