ಬೀದಿಯಾಚೆ ಉಳಿದ ಮಹದೇವಸ್ವಾಮಿ

ಶ್ರೀರಂಗಪಟ್ಟಣದಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಇಪ್ಪತ್ತೆರಡು ವರ್ಷ ನಿಂತು ಕೂಗಿದವನು ಮಹದೇವಸ್ವಾಮಿ. ‘ಪಾಂಡಪುರ, ಪಾಂಡಪುರ, ಕೇರ್‌ಪೇಟೆ, ನಾಗಮಂಗ್ಲಾ!’ ಎಂದು ಅವನು ಕೂಗಿದರೆ ಹೆದ್ದಾರಿಯ ಆಚೆ ಬದಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಹುಟ್ಟಿದ್ದು ಕ್ಯಾತನಹಳ್ಳಿಯಲ್ಲಿ. ಕಬ್ಬಿನ ಕೆಲಸ ಮೈಗೆ ಒಗ್ಗಲಿಲ್ಲ. ಗಂಟಲೊಂದು ಚೆನ್ನಾಗಿತ್ತು, ಅದನ್ನೇ ನೆಚ್ಚಿಕೊಂಡು ಪಟ್ಟಣಕ್ಕೆ ಬಂದ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಊರಿಗೆ ಎಲ್ಲಿ ಇಳಿದು ಬಸ್ಸು ಬದಲಾಯಿಸಬೇಕು, ಯಾರು ಏನು ಕೇಳಿದರೂ ಅವನ ಬಾಯಲ್ಲಿ ಉತ್ತರ ಇರುತ್ತಿತ್ತು. ‘ಗೊತ್ತಿಲ್ಲ’ ಅನ್ನುವ ಮಾತನ್ನು ಅವನು ಆಡಿದ್ದೇ ಕಡಿಮೆ.

ಎರಡು ಸಾವಿರದ ಇಪ್ಪತ್ತನೇ ಇಸವಿಯ ಮಾರ್ಚಿನಲ್ಲಿ ಕೊರೋನಾ ಬಂದು ಬಸ್ಸುಗಳು ನಿಂತವು. ಮೊದಲ ವಾರವೆಲ್ಲ ಮಹದೇವಸ್ವಾಮಿ ಹಜಾರದಲ್ಲಿ ಕೂತು ಟೀವಿ ನೋಡಿದ. ಎರಡನೇ ವಾರ ಹೆಂಡತಿ ನಿಂಗಾಜಮ್ಮ, ‘ನಾನು ಅಡುಗೆಮನೇಲೇ ಇವ್ನಿ ಕಣ್ರೀ, ನಾಗಮಂಗ್ಲದಲ್ಲಿ ಇಲ್ಲ. ಯಾಕಂಗೆ ಕೂಗ್ತೀರಿ?’ ಎಂದು ರೇಗಿದಳು. ಅಷ್ಟರಲ್ಲಿ ಪುರಸಭೆ ಆಫೀಸಿನ ಸಾಹೇಬರೊಬ್ಬರಿಗೆ ಅವನ ಗಂಟಲು ನೆನಪಾಯಿತು. ಒಂದು ಆಟೋ, ಒಂದು ಮೈಕು, ದಿನಾ ಬೆಳಿಗ್ಗೆ ಒಂದು ಕಾಗದ. ಕಾಗದದಲ್ಲಿದ್ದದ್ದನ್ನು ಬೀದಿ ಬೀದಿಗೆ ಓದಿ ಹೇಳುವುದು. ಆಟೋ ಓಡಿಸುತ್ತಿದ್ದವನು ಚಿಕ್ಕಸ್ವಾಮಿ.

ಕೆಲಸ ಸುಲಭ ಅಂದುಕೊಂಡಿದ್ದ. ಆದರೆ ಕಾಗದ ದಿನಕ್ಕೊಂದು ಥರ ಬರುತ್ತಿತ್ತು. ಅಂಗಡಿ ಆರರಿಂದ ಹತ್ತು ಎಂದು ಸೋಮವಾರ ಸಾರಿದರೆ ಬುಧವಾರಕ್ಕೆ ಅದು ಏಳರಿಂದ ಹನ್ನೊಂದಾಗಿರುತ್ತಿತ್ತು. ತರಕಾರಿಯವರು ಮನೆಬಾಗಿಲಿಗೆ ಬರುತ್ತಾರೆ ಎಂದು ಒಂದು ದಿನ, ಬರಕೂಡದು ಎಂದು ಮಾರನೇ ದಿನ. ಜನ ಆಟೋ ನಿಲ್ಲಿಸಿ ಕೇಳುವರು. ‘ಮಾದೇವಣ್ಣ, ಹಸೂನ ಗದ್ದೆ ಕಡೆ ಹೊಡ್ಕಂಡು ಹೋಗ್ಬೋದಾ?’ ‘ಮಾದೇವಣ್ಣ, ಗಂಡ ಹೆಂಡ್ತಿ ಒಂದೇ ಗಾಡೀಲಿ ಕೂತ್ರೆ ಪೊಲೀಸ್ನೋರು ಹಿಡೀತಾರಾ?’ ಒಬ್ಬ ಮುದುಕಿ, ಪಾಂಡವಪುರದಲ್ಲಿ ಮಗಳು ಹೆತ್ತು ಒಂಬತ್ತು ದಿನವಾಯಿತು, ನಡೆದುಕೊಂಡೇ ಹೋಗಿ ನೋಡಿಬರಲಾ ಎಂದು ಕೇಳಿದಳು. ಪಾಂಡವಪುರಕ್ಕೆ ದಾರಿ ಹೇಳುವುದೇ ಅವನ ಇಷ್ಟು ವರ್ಷದ ಕೆಲಸ. ಆವತ್ತು ಅವನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದರಲ್ಲಿ ಬಾಣಂತಿ ವಿಷಯ ಇರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಐದೂವರೆಗೇ ಮನೆ ಬಿಟ್ಟಿದ್ದ. ಎಂಟರ ಹೊತ್ತಿಗೆ ಹೊಸ ಕಾಗದ ಕೈಗೆ ಬಂತು. ಅಭ್ಯಾಸಬಲದಿಂದ ಗಂಟಲು ಓದುತ್ತ ಹೋಯಿತು, ಮನಸ್ಸು ಎಲ್ಲೋ ಇತ್ತು. ‘ಹಳೇ ಗಾಣದ ಬೀದಿಯಲ್ಲಿ ಒಬ್ಬರಿಗೆ ಸೋಂಕು ಖಚಿತವಾಗಿರುವುದರಿಂದ ಸದರಿ ಬೀದಿಯನ್ನು ಸೀಲ್‌ಡೌನ್ ಮಾಡಲಾಗಿದ್ದು, ಯಾರೂ ಒಳಗೆ ಹೋಗುವುದಾಗಲೀ ಹೊರಗೆ ಬರುವುದಾಗಲೀ...’ ಎರಡು ಬೀದಿಯಲ್ಲಿ ಹೀಗೆ ಓದಿ ಮೂರನೆಯದಕ್ಕೆ ತಿರುಗುವಾಗ ಚಿಕ್ಕಸ್ವಾಮಿ ಬ್ರೇಕು ಹಾಕಿದ.

‘ಅಣ್ಣೋ, ಅದು ನಿಮ್ಮ ಬೀದಿ ಅಲ್ವಾ?’

ಮಹದೇವಸ್ವಾಮಿ ಕಾಗದವನ್ನು ಇನ್ನೊಮ್ಮೆ ಓದಿಕೊಂಡ. ಅವನದೇ ಬೀದಿ.

ಹೋಗಿ ನೋಡಿದರೆ ಬೀದಿಯ ಬಾಯಿಗೆ ಗಳ ನೆಟ್ಟು, ತಗಡಿನ ಶೀಟು ಹೊಡೆದು ಮುಗಿಸಿದ್ದರು. ತಗಡಿನ ಸಂದಿಯಲ್ಲಿ ನಿಂಗಾಜಮ್ಮನ ಅರ್ಧ ಮುಖ ಕಾಣಿಸಿತು.

‘ದ್ಯಾವಣ್ಣನ್ನ ಕರ್ಕಂಡು ಹೋದ್ರು ಕಣ್ರೀ,’ ಎಂದಳು. ದ್ಯಾವಯ್ಯ ಅವರ ಮನೆಯಿಂದ ನಾಲ್ಕನೇ ಮನೆಯವನು, ಹೆದ್ದಾರಿಯಲ್ಲಿ ಎಳನೀರು ಮಾರುವವನು, ಪುಟ್ಟತಾಯಮ್ಮನ ಗಂಡ. ‘ಪುಟ್ಟತಾಯಮ್ಮ ಒಂದೇ ಸಮ ಅಳ್ತಾವ್ಳೆ. ಯಾರೂ ಅತ್ತಾಗೆ ಹೋಗ್ತಿಲ್ಲ. ನೀವು ಎಲ್ಲಿದ್ರಿ?’

ಆ ಸುದ್ದಿಯನ್ನೇ ಊರಿಗೆಲ್ಲ ಸಾರುತ್ತಿದ್ದೆ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಒಳಗೆ ಹೋಗಲೋ ಹೊರಗಿರಲೋ ಎಂದು ಕಾವಲಿಗಿದ್ದ ಪೇದೆಯನ್ನು ಕೇಳಿದ. ಆಫೀಸಿನಲ್ಲಿ ಕೇಳಿ ಎಂದರು. ಆಫೀಸಿನ ಬಾಗಿಲಲ್ಲೇ ಸಾಹೇಬರು ಅವನನ್ನು ತಡೆದು ನಿಲ್ಲಿಸಿ, ‘ರಾತ್ರಿ ಆ ಬೀದಿಯಲ್ಲೇ ಮಲಗಿದ್ದಿರಿ ಅಂದ ಮೇಲೆ ನೀವು ಒಳಗಿನವರು. ಆದರೆ ಮುಚ್ಚುವ ಮುಂಚೆ ಹೊರಗೆ ಬಂದಿದ್ದೀರಿ, ಹಾಗಾಗಿ ಹೊರಗಿನವರು. ಮೇಲಿನವರನ್ನು ಕೇಳಿ ಫೋನ್ ಮಾಡ್ತೀನಿ. ಅಲ್ಲಿವರೆಗೂ ಎಲ್ಲಾದರೂ ಒಬ್ಬರೇ ಇರಿ’ ಎಂದರು. ಮೈಕನ್ನು ಒಂದು ಬಟ್ಟೆಯಲ್ಲಿ ಹಿಡಿದು ಈಸಿಕೊಂಡರು. ಚಿಕ್ಕಸ್ವಾಮಿ ಆಟೋದ ಸೀಟಿಗೆ ಔಷಧಿ ಹೊಡೆಯುವುದನ್ನು ಮಹದೇವಸ್ವಾಮಿ ದೂರದಿಂದ ನೋಡಿದ.

ಎಲ್ಲಾದರೂ ಎಂದರೆ ಅವನಿಗಿದ್ದದ್ದು ಒಂದೇ ಜಾಗ, ಕೊಟ್ಟಿಗೆ. ಬೀದಿಯ ಬಾಯಿಯ ಹೊರಗೆ, ತಗಡಿನಿಂದ ಹತ್ತು ಮಾರು ಆಚೆ, ಖಾಲಿ ಸೈಟಿನಲ್ಲಿ ನಿಂಗಾಜಮ್ಮ ಹಸು ಕಟ್ಟುತ್ತಿದ್ದ ಶೀಟಿನ ಮಾಡು. ಹಸು ಕೆಂಪಿ, ಅದರ ಎರಡು ತಿಂಗಳ ಕರು, ಒಂದು ಬಕೀಟು, ಒಂದು ಸ್ಟೀಲು ಲೋಟ. ಹೆಂಡತಿ ಒಳಗೆ, ಹಸು ಹೊರಗೆ. ಹಸುವಿನ ಜೊತೆಗೆ ಈಗ ಗಂಡ.

ಮಹದೇವಸ್ವಾಮಿ ಅದುವರೆಗೆ ಹಾಲು ಕರೆದವನಲ್ಲ. ಮೊದಲ ಸಂಜೆ ಕರು ಬಿಟ್ಟ, ಅದು ಎಳೆದರೂ ಬರದೆ ಪೂರ್ತಿ ಕುಡಿದು ಮುಗಿಸಿತು. ಮಾರನೇ ಬೆಳಿಗ್ಗೆ ಕರುವನ್ನು ಬೇಗ ಕಟ್ಟಿ ಕೆಚ್ಚಲಿಗೆ ಕೈಹಾಕಿದರೆ ಕೆಂಪಿ ಬಕೀಟಿಗೆ ಒದ್ದಳು. ‘ನಿಂತ್ಕಳೇ!’ ಎಂದು ಬಸ್‌ಸ್ಟ್ಯಾಂಡಿನ ಗಂಟಲಲ್ಲಿ ಗದರಿಸಿದ, ಅವಳು ಹಗ್ಗ ಕಿತ್ತುಕೊಳ್ಳುವಷ್ಟು ಬೆದರಿದಳು.

‘ನಿಮ್ಮ ಗಂಟ್ಲು ಅದಕ್ಕಾಗಕಿಲ್ಲ,’ ಎಂದಳು ನಿಂಗಾಜಮ್ಮ ಫೋನಿನಲ್ಲಿ. ‘ಫೋನ್ನ ಅದರ ಕಿವಿ ತಾವ ಹಿಡೀರಿ.’

ಹಿಡಿದ. ‘ಕೆಂಪೀ, ನನ್ನವ್ವ, ಬುಡವ್ವ, ಪಾಪ ಏನೂ ಅರೀದೋರು ಅವ್ರು, ಬುಡವ್ವ’ ಎಂದು ಅವಳು ಅತ್ತಲಿಂದ ಮೆಲ್ಲಗೆ ಮಾತಾಡುತ್ತ ಹೋದಳು. ಹಸು ಕಿವಿ ನಿಮಿರಿಸಿ ಸುತ್ತ ನೋಡಿತು. ತನ್ನ ಹೆಂಡತಿ ಇಷ್ಟು ಮೃದುವಾಗಿ ಮಾತಾಡುತ್ತಾಳೆ ಎಂಬುದು ಮಹದೇವಸ್ವಾಮಿಗೂ ಗೊತ್ತಿರಲಿಲ್ಲ. ಫೋನನ್ನು ಕೆಂಪಿಯ ಕೊರಳ ಹಗ್ಗಕ್ಕೆ ಸಿಕ್ಕಿಸಿ ಕೂತ. ಬಕೀಟಿನ ತಳ ಮುಚ್ಚುವಷ್ಟು ಹಾಲು ಬಂತು. ನಾಲ್ಕನೇ ದಿನಕ್ಕೆ ಎರಡು ಲೀಟರಾಯಿತು.

ಬೀದಿ ತೆರೆಯುವವರೆಗೂ ಈ ಹಾಲು ಬೇಡ ಎಂದರು ಡೈರಿಯವರು. ಒಳಗಿನ ಮನೆಗಳಿಗೆ ಕೊಡಬಹುದಾ ಎಂದು ಪೇದೆಯನ್ನು ಕೇಳಿದ. ಪಾತ್ರೆ ಒಳಗೆ ಹೋಗಬಹುದು, ಹೊರಗೆ ಬರಕೂಡದು ಎಂದರು. ಹಾಗಾದರೆ ನಾಳೆಗೆ ಪಾತ್ರೆ ಎಲ್ಲಿಂದ ಎಂದು ಕೇಳಿದ್ದಕ್ಕೆ ಪೇದೆ ಮೊಬೈಲು ನೋಡತೊಡಗಿದರು. ಕೊನೆಗೆ ಪ್ಲಾಸ್ಟಿಕ್ ಕವರಿಗೆ ಹುಯ್ದು, ಗಂಟು ಹಾಕಿ, ತಗಡಿನ ಮೇಲಿಂದ ಇಳಿಬಿಟ್ಟ. ನಿಂಗಾಜಮ್ಮ ಹಂಚಿದಳು. ದ್ಯಾವಯ್ಯನ ಮನೆ ಬಾಗಿಲಲ್ಲಿಟ್ಟ ಕವರು ಮಾತ್ರ ಹಾಗೇ ವಾಪಸು ಬಂತು.

‘ಪುಟ್ಟತಾಯಮ್ಮ ಏನಂದ್ಲು?’

ನಿಂಗಾಜಮ್ಮ ಹೇಳಿದಳು. ‘ನನ್ನ ಗಂಡನ ಕಾಯ್ಲೇನ ಊರಿಗೆಲ್ಲ ಸಾರ್ದೋನ ಮನೆ ಹಾಲು ನನಗೆ ಬ್ಯಾಡ ಅಂದ್ಲು.’

‘ನಾನು ಹೆಸರು ಹೇಳ್ಲಿಲ್ಲ ಕಣೇ ನಿಂಗಿ! ಕಾಗ್ದದಲ್ಲಿ ಇದ್ದುದ್ದ ಓದ್ದೆ. ಬೀದಿ ಹೆಸರು ಬುಟ್ರೆ ಬ್ಯಾರೆ ಏನಾರ ಅಂದ್ನಾ?’

‘ಬೀದೀಲಿ ಇರೋದೇ ಹದಿನಾರು ಮನೆ,’ ಎಂದಳು ಅವಳು.

ಅವತ್ತೆಲ್ಲ ಅವನು ಅದನ್ನೇ ಯೋಚಿಸಿದ. ಓದದಿದ್ದರೆ ಜನ ತಿಳಿಯದೆ ಬೀದಿಗೆ ಬರುತ್ತಿದ್ದರು. ಓದಿದ್ದಕ್ಕೆ ಒಂದು ಮನೆಯ ಮಾನ ಹೋಯಿತು. ಮಧ್ಯದಲ್ಲಿ ಇನ್ನೊಂದು ದಾರಿ ಇತ್ತೋ ಏನೋ, ಅವನಿಗೆ ಹೊಳೆಯಲಿಲ್ಲ. ದೂರದಲ್ಲಿ ಆಟೋದಿಂದ ಬೇರೆ ಯಾರದೋ ಗಂಟಲು ಕೇಳುತ್ತಿತ್ತು. ಅವಸರದಲ್ಲಿ ಓದುತ್ತಿದ್ದರು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸಾಹೇಬರ ಫೋನು ಬರಲಿಲ್ಲ. ಇವನೇ ಮಾಡಿದರೆ ಎತ್ತುತ್ತಿರಲಿಲ್ಲ. ಸೀಲ್‌ಡೌನು ಇಪ್ಪತ್ತೆಂಟು ದಿನ ಎಂದು ಒಬ್ಬರು, ಹದಿನಾಲ್ಕು ಎಂದು ಇನ್ನೊಬ್ಬರು ಹೇಳುತ್ತಿದ್ದರು.

ಹನ್ನೆರಡನೇ ದಿನ ಮಧ್ಯಾಹ್ನ ಆಂಬುಲೆನ್ಸು ಬಂದು ತಗಡಿನ ಮುಂದೆ ನಿಂತಿತು. ದ್ಯಾವಯ್ಯ ಇಳಿದ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ಕಾಗದ. ಆಂಬುಲೆನ್ಸು ಹೊರಟುಹೋಯಿತು. ಪೇದೆ ಕಾಗದ ನೋಡಿ, ಮೊಬೈಲು ತೆಗೆದು, ಯಾರಿಗೋ ಫೋನು ಮಾಡಲು ಶುರುಮಾಡಿದರು. ದ್ಯಾವಯ್ಯ ಬಿಸಿಲಲ್ಲಿ ನಿಂತೇ ಇದ್ದ. ಮಹದೇವಸ್ವಾಮಿ ಕೊಟ್ಟಿಗೆಯಿಂದ ನೋಡುತ್ತಿದ್ದ. ಕರೆಯಲೋ ಬೇಡವೋ ಎಂದು ಒಂದು ಬೀಡಿ ಸೇದುವಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಕರೆದ.

‘ದ್ಯಾವಣ್ಣ, ನೆಳ್ಳಿಗೆ ಬಾ.’

ದ್ಯಾವಯ್ಯ ಬಂದು ಇನ್ನೊಂದು ತುದಿಯ ಕಲ್ಲಿನ ಮೇಲೆ ಕೂತ. ‘ನೀನ್ಯಾಕ್ಲಾ ಇಲ್ಲಿದ್ದೀಯೆ ಮಾದೇವ?’

‘ನಂಗೂ ಗೊತ್ತಿಲ್ಲ ಕಣಣ್ಣ. ಒಳಗಿನೋನಾ ಆಚೆಯೋನಾ ಅಂತ ಕೇಳಿ ಯೋಳ್ತೀನಿ ಅಂದೋರು ಇನ್ನೂ ಯೋಳಿಲ್ಲ.’

‘ನಂದೂ ಅದೇಯಾ. ವಾಸಿ ಆಗೈತೆ ಅಂತ ಕಾಗ್ದ ಕೊಟ್ಟವ್ರೆ. ವಾಸಿಯಾದೋನು ಮನೇಗೋಗ್ಬೋದಾ ಅಂತ ಅದ್ರಲ್ಲಿಲ್ವಂತೆ.’ ದ್ಯಾವಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ. ‘ಒಂದು ಕೆಮ್ಮು ಬರ್ಲಿಲ್ಲ ಕಣ್ಲಾ ನಂಗೆ. ಐತೆ ಅಂದ್ರು, ಹೋದೆ. ಇಲ್ಲ ಅಂದ್ರು, ಬಂದೆ. ಕಾಯ್ಲೆ ಬಂದಿದ್ದೂ ಕಾಣೆ, ಓಗಿದ್ದೂ ಕಾಣೆ. ಉಣ್ಣಕ್ಕೇನೋ ಚೆನ್ನಾಗೇ ಇಕ್ಕುದ್ರು. ಆದ್ರೆ ಯಾರ ಮೊಕಾನೂ ಕಾಣ್ಲಿಲ್ಲ. ಎಲ್ಲಾ ಮುಚ್ಕಂಡಿದ್ರು. ವಸಿ ಕುಡಿಯಕ್ಕೇನಾರ ಅದಾ?’

ಹಾಲಿತ್ತು. ಲೋಟ ಒಂದೇ ಇತ್ತು. ಮಹದೇವಸ್ವಾಮಿ ಲೋಟಕ್ಕೆ ಹಾಲು ಹುಯ್ದು, ಎದ್ದು, ನಡುವೆ ನಿಂತುಬಿಟ್ಟ. ಎಷ್ಟು ಹತ್ತಿರ ಹೋಗಬಹುದು? ಆರು ಅಡಿ ಎಂದು ಅವನೇ ನೂರು ಸಲ ಮೈಕಿನಲ್ಲಿ ಹೇಳಿದ್ದ. ಕಾಗದದಲ್ಲಿ ವಾಸಿಯಾಗಿದೆ ಎಂದಿದೆ. ಲೋಟ ನೆಲದ ಮೇಲಿಟ್ಟು ಹಿಂದೆ ಸರಿಯಲೇ?

ದ್ಯಾವಯ್ಯ ಅವನ ಮುಖ ನೋಡಿದ. ಎದ್ದು, ಸ್ವಲ್ಪ ಬಗ್ಗಿ, ಎರಡೂ ಕೈ ಬೊಗಸೆ ಮಾಡಿ ಒಡ್ಡಿದ. ‘ಮ್ಯಾಲಿಂದ ಬುಡ್ಲಾ. ಲೋಟ ಯಾತಕ್ಕೆ?’

ಕ್ಯಾತನಹಳ್ಳಿಯಲ್ಲಿ ತಾತ ಗದ್ದೆ ಕೆಲಸಕ್ಕೆ ಬಂದ ಕೇರಿಯವರಿಗೆ ಹೀಗೇ ಮೇಲಿಂದ ನೀರು ಬಿಡುತ್ತಿದ್ದುದು, ಅವರು ಹೀಗೇ ಬಗ್ಗಿ ಕುಡಿಯುತ್ತಿದ್ದುದು ಮಹದೇವಸ್ವಾಮಿಗೆ ನೆನಪಾಯಿತು. ದ್ಯಾವಯ್ಯನ ಕೈಗೆ ಇದು ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ನೋಡಿ ಅವನ ಕಿವಿ ಬಿಸಿಯಾಯಿತು.

‘ಬ್ಯಾಡ ಕಣಣ್ಣ,’ ಎಂದು ಹತ್ತಿರ ಹೋಗಿ ಬೊಗಸೆಯೊಳಕ್ಕೇ ಲೋಟ ಇಟ್ಟ. ಇಡುವಾಗ ಉಸಿರು ಬಿಗಿಹಿಡಿದಿದ್ದ, ಅದೂ ಅವನಿಗೆ ಗೊತ್ತಾಯಿತು.

ದ್ಯಾವಯ್ಯ ಕುಡಿದು ಲೋಟವನ್ನು ಕಲ್ಲಿನ ಮೇಲಿಟ್ಟ. ‘ಊರಲ್ಲಿ ಸಾರಿದ್ದು ನಾನೇ ಕಣಣ್ಣ,’ ಎಂದ ಮಹದೇವಸ್ವಾಮಿ. ದ್ಯಾವಯ್ಯ ಉತ್ತರ ಕೊಡುವ ಮೊದಲೇ ಪೇದೆ, ‘ಹೋಗ್ಬೋದಂತೆ, ಬನ್ನಿ ಬೇಗ’ ಎಂದು ಕೂಗಿದರು. ಅಷ್ಟು ಹೊತ್ತು ಕಾದಿದ್ದವನು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಮಹದೇವಸ್ವಾಮಿ ಲೋಟವನ್ನು ಸೋಪು ಹಾಕಿ ತೊಳೆದ. ಇನ್ನೊಮ್ಮೆ ತೊಳೆದ. ಮೂರನೇ ಸಲ ಸೋಪು ಹಿಡಿದವನು, ತಾನು ತೊಳೆಯುತ್ತಿರುವುದು ಕಾಯಿಲೆಗೋ ಇನ್ನೊಂದಕ್ಕೋ ಎಂದು ಯೋಚನೆ ಬಂದು ಕೈ ನಿಲ್ಲಿಸಿದ. ಗೊತ್ತಾಗಲಿಲ್ಲ. ಆವತ್ತು ಸಂಜೆ ಅವನು ಲೋಟ ಬಿಟ್ಟು ಬಕೀಟನ್ನೇ ಎತ್ತಿ ಹಾಲು ಕುಡಿದ.

ಬೀದಿ ತೆರೆದದ್ದು ಹತ್ತೊಂಬತ್ತನೇ ದಿನ. ಯಾಕೆ ಹತ್ತೊಂಬತ್ತು ಎಂದು ಯಾರಿಗೂ ತಿಳಿಯದು. ಇಬ್ಬರು ಬಂದು ತಗಡು ಕಿತ್ತು ಟ್ರಾಕ್ಟರಿಗೆ ಹಾಕಿಕೊಂಡು ಹೋದರು. ನಿಂಗಾಜಮ್ಮ ನೇರ ಕೊಟ್ಟಿಗೆಗೆ ಬಂದು, ಗಂಡನನ್ನು ದಾಟಿಕೊಂಡು ಹೋಗಿ ಹಸುವಿನ ಕತ್ತು ತಬ್ಬಿದಳು. ಆಮೇಲೆ ತಿರುಗಿ, ‘ಎಂಗಾಗೋಗಿದ್ದೀರಿ,’ ಎಂದು ಸೆರಗಿನಿಂದ ಅವನ ಮುಖ ಒರೆಸಿದಳು.

ಖಾಸಗಿ ಬಸ್ಸುಗಳು ಮೆಲ್ಲಗೆ ಓಡತೊಡಗಿದವು. ಮಹದೇವಸ್ವಾಮಿ ತನ್ನ ಜಾಗಕ್ಕೆ ಹೋದ. ಪುಟ್ಟತಾಯಮ್ಮ ಈಗ ನಿಂಗಾಜಮ್ಮನ ಹತ್ತಿರ ಹಾಲು ತೆಗೆದುಕೊಳ್ಳುತ್ತಾಳೆ, ಅವನು ಎದುರಾದರೆ ಮಾತ್ರ ಪಕ್ಕಕ್ಕೆ ತಿರುಗುತ್ತಾಳೆ. ಎರಡು ವರ್ಷ ಕಳೆದ ಮೇಲೆ ಒಂದು ದಿನ, ಹೆದ್ದಾರಿಯಲ್ಲಿ ಎಳನೀರು ಕೊಚ್ಚುತ್ತಿದ್ದ ದ್ಯಾವಯ್ಯನನ್ನು ಅವನು ಕೇಳಿಯೇಬಿಟ್ಟ.

‘ಅವತ್ತು ನಾನು ಅಂಗೆ ಸಾರಿದ್ದು ತಪ್ಪಾಯ್ತಾ ದ್ಯಾವಣ್ಣ?’

ದ್ಯಾವಯ್ಯ ಮಚ್ಚು ಕೆಳಗಿಟ್ಟ.

‘ನಂಗೆ ಗೊತ್ತಾಗಕಿಲ್ಲ ಕಣ್ಲಾ,’ ಎಂದ. ‘ನಮ್ಮೋಳನ್ನೇ ಕೇಳು.’

ಮಹದೇವಸ್ವಾಮಿ ಇನ್ನೂ ಕೇಳಿಲ್ಲ.