ನುಣುಪು ತಂತಿ ಆರಿಸುವ ಜಗದೇವಿ

ಬೆಳಗಿನ ಐದೂವರೆ. ಚೆನ್ನೈನ ಟ್ರಿಪ್ಲಿಕೇನ್‌ನ ಮೆಸ್ಸುಗಳಲ್ಲಿ ಈಗಷ್ಟೇ ಒಲೆ ಹೊತ್ತಿದೆ. ಅಲ್ಲೇ ಹತ್ತಿರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಉಗಿಯಂತ್ರದ ಬಾಗಿಲು ತೆರೆದುಕೊಳ್ಳುತ್ತದೆ. ಬೆಚ್ಚನೆಯ ಬಿಳಿ ಹಬೆ ಮೆಲ್ಲಗೆ ಹೊರಬಂದು ಕೋಣೆಯನ್ನೆಲ್ಲ ಮಸುಕು ಮಾಡುತ್ತದೆ. ಅದರೊಳಗಿಂದ ಮೊದಲು ಎರಡು ಕೈ ಕಾಣುತ್ತವೆ, ಆಮೇಲೆ ನೀಲಿ ಟೋಪಿ, ಕೊನೆಗೆ ಜಗದೇವಿಯ ನಿದ್ದೆಗಣ್ಣಿನ ಮುಖ.

ಆಪರೇಷನ್‌ಗೆ ಬೇಕಾದ ಉಪಕರಣಗಳನ್ನು ತೊಳೆದು, ಜೋಡಿಸಿ, ಉಗಿಯಲ್ಲಿಟ್ಟು ಶುದ್ಧ ಮಾಡಿ ಮೇಲೆ ಕಳಿಸುವುದು ಈಕೆಯ ಕೆಲಸ. ದಿನಕ್ಕೆ ನಲವತ್ತು ಪೆಟ್ಟಿಗೆ. ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಸಾಮಾನು. ಇಲ್ಲಿ ಕಿಟಕಿಯಿಲ್ಲ. ಯಂತ್ರದ ಗುಂಯ್ ಎನ್ನುವ ಸದ್ದಿನಲ್ಲಿ ಬೆಳಗು ಹೊರಗೆಲ್ಲೋ ಆಗಿಹೋಗುತ್ತದೆ. ಪೆಟ್ಟಿಗೆ ಯಾವ ರೋಗಿಯ ಹಾಸಿಗೆ ಪಕ್ಕ ಹೋಯಿತೆಂಬುದು ಆಕೆಗೆ ಗೊತ್ತಾಗುವುದಿಲ್ಲ. "ಇಲ್ಲಿ ಕುಂತು ನಾ ಮನಸಿನ್ಯಾಗ ಮುಖ ಕಟ್ಕೋತೀನಿ ನೋಡ್ರಿ. ಸಣ್ಣ ಪೆಟ್ಟಿಗಿ ಬಂತಂದ್ರ, ಯಾವುದೋ ಪಾಪಾ ಅದ ಅಂತ," ಎಂದು ನಗುತ್ತಾರೆ. ಪಾಪಾ ಎಂದರೆ ಇಲ್ಲಿನ ತಮಿಳಿನಲ್ಲಿ ಮಗು. ಆಕೆಯ ಕಲಬುರಗಿಯ ಮಾತಿಗೆ ಅಂಥ ಪದಗಳು ಬಂದು ಸೇರಿಕೊಂಡು ಮೂವತ್ತು ವರ್ಷವಾಯಿತು.

ಪೆರಂಬೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ರೇವಣಸಿದ್ದಪ್ಪನವರನ್ನು ಮದುವೆಯಾಗಿ ಬಂದಾಗ ಜಗದೇವಿಗೆ ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಮೊದಲು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅಲ್ಲಿಂದ ಉಪಕರಣಗಳ ಕಡೆಗೆ ಬಂದರು. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗುವ ಮೊದಲೇ ಅವುಗಳ ಆಕಾರ ಬೆರಳಿಗೆ ಒಗ್ಗಿತು. ಮೊಣಕೈವರೆಗೆ ಉಗಿ ತಾಗಿದ ಕಲೆಗಳಿವೆ. ನಿಂತು ನಿಂತು ಪಾದ ಊದಿಕೊಳ್ಳುತ್ತವೆ. ಈಗಿನ ಮನೆ ವೇಲಚೇರಿಯಲ್ಲಿ. ಅಲ್ಲಿಗೆ ನೆರೆ ಬಂದ ವರ್ಷ ಮೂರು ದಿನ ಇದೇ ನೆಲಮಾಳಿಗೆಯ ಮೇಲಿನ ಅಂತಸ್ತಿನಲ್ಲಿ ಮಲಗಿ ಕೆಲಸ ಮಾಡಿದ್ದಾರೆ.

ಹೋದ ವರ್ಷದ ಒಂದು ಬೆಳಿಗ್ಗೆಯ ಸಂಗತಿಯನ್ನು ಮಾತ್ರ ಆಕೆ ತಾವಾಗಿ ಹೇಳುವುದಿಲ್ಲ. ಮೇಲಿನ ಮಹಡಿಯವರು ಹೇಳುತ್ತಾರೆ.

ಅಣ್ಣಾ ನಗರದ ಒಂಬತ್ತು ವರ್ಷದ ಶ್ರೀಯಾ ಸೈಕಲ್‌ನಿಂದ ಬಿದ್ದು ಮೊಣಕಾಲಿನ ಹತ್ತಿರ ಮೂಳೆ ಮುರಿದುಕೊಂಡಿದ್ದಳು. ಮಕ್ಕಳ ಮೂಳೆಯ ತುದಿಯಲ್ಲಿ ಒಂದು ಮೆತ್ತನೆಯ ಪದರವಿರುತ್ತದೆ. ಕಾಲು ಉದ್ದವಾಗುವುದು ಅಲ್ಲಿಂದಲೇ. ಬಿರುಕು ಆ ಪದರವನ್ನೇ ಹಾದುಹೋಗಿತ್ತು. ಮೂಳೆಯನ್ನು ಸರಿ ಕೂರಿಸಿ, ಅಲುಗದಂತೆ ನುಣುಪಾದ ತೆಳು ಉಕ್ಕಿನ ತಂತಿ ತೂರಿಸಿ, ತಿಂಗಳ ಮೇಲೆ ಹೊರಗೆಳೆಯಬೇಕು. ನುಣುಪಾದದ್ದು ಪದರಕ್ಕೆ ಹೆಚ್ಚು ಗಾಯ ಮಾಡದೆ ದಾಟುತ್ತದೆ. ಸ್ಕ್ರೂವಿನಂತೆ ಸುತ್ತುಗೆರೆ ಇರುವ ತಂತಿ ಹೊಕ್ಕರೆ ಆ ಕಾಲಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಅಂದು ಹೊಸ ಪೊಟ್ಟಣ ಒಡೆದ ಜಗದೇವಿ ತಂತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿದರು. ತುದಿಯಲ್ಲಿ ಏನೋ ತೊಡರಿತು. ಕಣ್ಣಿಗೆ ಕಾಣಲಿಲ್ಲ. ಮತ್ತೆ ಹೊರಳಿಸಿದರು, ಮತ್ತೆ ತೊಡರಿತು. ಮೇಲ್ವಿಚಾರಕ ಸಂಜೀವ ಪೊಟ್ಟಣದ ಚೀಟಿ ತೋರಿಸಿ, ನುಣುಪು ಎಂದೇ ಬರೆದಿದೆ, ಏಳು ಗಂಟೆಯ ಕೇಸು, ಕಳಿಸಿ ಎಂದರು. ಜಗದೇವಿ ಪಟ್ಟಿಯಲ್ಲಿ ಸರಿ ಗುರುತು ಹಾಕಲು ಒಪ್ಪಲಿಲ್ಲ. ತಂತಿಯನ್ನು ಅಂಗೈಯಲ್ಲಿ ಹಿಡಿದು, ಎಂದೂ ಹೋಗದ ಮೂರನೇ ಮಹಡಿಗೆ ಹತ್ತಿದರು.

ಶ್ರೀಯಾಳ ಆಪರೇಷನ್ ಮಾಡಬೇಕಿದ್ದ ಡಾಕ್ಟರ್ ಕುಮಾರಸ್ವಾಮಿ ದೀಪದ ಕೆಳಗೆ ತಂತಿ ಹಿಡಿದು ನೋಡಿದರು. ತುದಿಯಲ್ಲಿ ಕೂದಲೆಳೆಯಂಥ ಗೆರೆಗಳಿದ್ದವು. ಸರಿಯಾದ ತಂತಿ ಬೇರೆಡೆಯಿಂದ ಬಂದು, ಉಗಿಯಿಂದ ಹೊರಬರುವ ಹೊತ್ತಿಗೆ ಹತ್ತೂವರೆ. ಅಷ್ಟೂ ಹೊತ್ತು ಶ್ರೀಯಾ ಖಾಲಿ ಹೊಟ್ಟೆಯಲ್ಲಿ ನೀರಿಗಾಗಿ ಅಳುತ್ತಿದ್ದಳು. ತಂದೆ ರಮೇಶ್, ತಡ ಮಾಡಿದ್ದು ಯಾರೆಂದು ಕಂಡವರನ್ನೆಲ್ಲ ಕೇಳುತ್ತಿದ್ದರು. ಜಗದೇವಿ ತಲೆ ತಗ್ಗಿಸಿ ಅವರ ಪಕ್ಕದಿಂದಲೇ ಇಳಿದು ಬಂದರು.

"ಆ ಅಳು ಕಿವಿಯಾಗಿಂದ ಹೋಗಲೇ ಇಲ್ರಿ. ನನ್ನಿಂದ ಕೂಸು ಉಪವಾಸ ಬಿತ್ತಲ್ಲ ಅಂತ ಅನಿಸ್ತು. ನಾ ಹೇಳದಿದ್ರೂ ಡಾಕ್ಟ್ರು ತಾವೇ ಗೆರಿ ನೋಡಿ ತಡೀತಿದ್ರೇನೋ. ಆದ್ರ ಅಷ್ಟೊತ್ತಿಗೆ ಕೂಸು ಮೇಜಿನ ಮ್ಯಾಲ ಮಲಗಿ, ಕಾಲು ಕೊಯ್ದು ಆಗಿರ್ತಿತ್ತು."

ಕಾಲಿಗೆ ಹಾಕಿದ ನುಣುಪು ತಂತಿಗಳು ಐದು ವಾರಕ್ಕೆ ಹೊರಬಂದವು. ಶ್ರೀಯಾಳ ಮನೆಯವರು ಮೇಲೆ ಸಿಹಿ ಹಂಚಿದರಂತೆ. ನೆಲಮಾಳಿಗೆಗೆ ಅದು ಬರಲಿಲ್ಲ. ಆ ಕಾಲು ಮುಂದೆ ಬೆಳೆಯುತ್ತದೋ ಇಲ್ಲವೋ ಎಂಬುದು ಮಾತ್ರ ಯಾರಿಗೂ ಕೂಡಲೇ ತಿಳಿಯುವಂತಿರಲಿಲ್ಲ. ಎಷ್ಟೋ ತಿಂಗಳು ಜಗದೇವಿಗೆ ಕನಸು ಬೀಳುತ್ತಿತ್ತು: ಮರೀನಾ ಕಡಲತೀರದ ಮರಳಿನಲ್ಲಿ ಸಾಲು ಸಾಲು ಸಣ್ಣ ಹೆಜ್ಜೆಗುರುತು, ಒಂದು ಆಳ, ಇನ್ನೊಂದು ತೆಳು. ಮಗು ಮಾತ್ರ ಕಾಣುತ್ತಿರಲಿಲ್ಲ.

ಹೋದ ತಿಂಗಳು ಡಾಕ್ಟರ್ ಕುಮಾರಸ್ವಾಮಿ ತಾವೇ ಕೆಳಗಿಳಿದು ಬಂದರು. ಹಬೆಯ ನಡುವೆ ನಿಂತು ಎಕ್ಸ್‌ರೇ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಎರಡು ಕಾಲು, ಬೆಳ್ಳಗೆ, ಅಕ್ಕಪಕ್ಕ. ಜಗದೇವಿ ಕೈಗವಸು ತೆಗೆದು, ಹಾಳೆಯ ಮೇಲೆ ಬೆರಳಿಟ್ಟು ಒಂದನ್ನು ಅಳೆದರು. ಅದೇ ಅಳತೆಯನ್ನು ಇನ್ನೊಂದರ ಮೇಲಿಟ್ಟರು. "ಎರಡೂ ಸಮ ಅದಾವ," ಎಂದರಂತೆ, ಅಷ್ಟೇ.

ಶ್ರೀಯಾಳನ್ನು ಭೇಟಿ ಮಾಡಿಸಲೇ ಎಂದು, ಇದನ್ನೆಲ್ಲ ಬರೆದುಕೊಳ್ಳಲು ಬಂದ ನಾನು ಕೇಳುತ್ತೇನೆ. ಜಗದೇವಿ ಮುಂದಿನ ಪೆಟ್ಟಿಗೆಯನ್ನು ಎಳೆದುಕೊಂಡು ಮುಚ್ಚಳ ತೆಗೆಯುತ್ತಾರೆ.

"ದೂರದಿಂದ ಒಮ್ಮೆ ಮೆಟ್ಟಿಲು ಹತ್ತೋದು ತೋರಿಸ್ರಿ, ಸಾಕು. ನಾ ಯಾರಂತ ಆ ಕೂಸಿಗಿ ಹೇಳಬ್ಯಾಡ್ರಿ. ಕಾಲು ಮುರಿದಿದ್ದು ಅದು ಮರೆತಿರ್ತದ, ಮರೆತೇ ಓಡಾಡಲಿ."