ಸತ್ತವರನ್ನು ಎಬ್ಬಿಸುವ ಪರದೆ ಮಾವ

"ಇವತ್ತು ಎಷ್ಟು ಜನ ಸಾಯ್ತೀರಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿರುವುದು ಖಾಲಿ ರಂಗ, ಅದರಾಚೆ ಕತ್ತಲಲ್ಲಿ ಮಡಿಚಿಟ್ಟ ಕುರ್ಚಿಗಳು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೇಲಿನ ಕಿಟಕಿಯಿಂದ ಬೂದಿಬಣ್ಣದ ಬೆಳಕು ಒಂದಿಷ್ಟು ಸೋರಿ ಹಲಗೆಗಳ ಮೇಲೆ ಬಿದ್ದಿದೆ. ಕೇಳಿದ ಹಿರಿಯರು ಉತ್ತರಕ್ಕೆ ಕಾಯುವುದಿಲ್ಲ. ಅಂಗೈಗೆ ಮೇಣ ಸವರಿಕೊಂಡು ಪರದೆಯ ಹಗ್ಗವನ್ನು ಗೇಣು ಗೇಣಾಗಿ ಬೆರಳ ನಡುವೆ ಹಾಯಿಸುತ್ತಾರೆ. ಎಲ್ಲಿ ಎಳೆ ಬಿಟ್ಟಿದೆ, ಎಲ್ಲಿ ಗಂಟು ಸಡಿಲಾಗಿದೆ ಎಂಬುದು ಅವರ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಈ ಹವ್ಯಾಸಿ ನಾಟಕ ತಂಡದಲ್ಲಿ ಅವರು ಎಲ್ಲರಿಗೂ 'ಪರದೆ ಮಾವ'. ತಂಡ ಹುಟ್ಟಿದಾಗಿನಿಂದ ಪರದೆ ಎಳೆಯುವವರು ಅವರೊಬ್ಬರೇ. "ನನ್ನ ಮನೆಯವಳೂ ಒಂದಿನ ಬಾಯಿತಪ್ಪಿ ಮಾವ ಅಂದ್ಬಿಟ್ಲು. ನಾಚಿಕೆಗೆ ಎರಡು ದಿನ ಮಾತೇ ಆಡ್ಲಿಲ್ಲ!" ಎಂದು ನಗುತ್ತಾರೆ. ಹೊಟ್ಟೆಪಾಡಿಗೆ ಹತ್ತಿ ಹಾಸಿಗೆ ಹೊಲಿಯುವ ಅಂಗಡಿ. "ಹಗಲೆಲ್ಲ ಜನರನ್ನ ಮಲಗಿಸೋ ಕೆಲಸ, ಸಂಜೆ ಎಬ್ಬಿಸೋ ಕೆಲಸ. ಲೆಕ್ಕ ಸರಿಹೋಯ್ತಲ್ಲ?"

ಎಬ್ಬಿಸುವ ಕೆಲಸ ಎಂದರೆ ನಿಜವಾಗಿಯೂ ಎಬ್ಬಿಸುವುದೇ. ನಾಟಕದಲ್ಲಿ ಸತ್ತವರು ಪರದೆ ಬಿದ್ದ ಮೇಲೂ ತಾವಾಗಿ ಏಳಬಾರದು. ಪರದೆ ಎಳೆದವರು ಬಂದು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕರೆಯಬೇಕು, ಆಮೇಲೆ ಏಳಬೇಕು. ಇದು ಈ ತಂಡದ ಕಟ್ಟಳೆ. ಕಾರಣ ಕೇಳಿದರೆ ಮಾವ ಸರಳವಾಗಿಯೇ ಹೇಳುತ್ತಾರೆ: "ಪರದೆ ಬಿದ್ದ ತಕ್ಷಣ ಕತ್ತಲು. ಮೇಜು, ಮಂಚ ಎಳೆದಾಡ್ತಾರೆ. ಕತ್ತಲಲ್ಲಿ ಎದ್ದು ಯಾರಾದ್ರೂ ತಲೆ ಒಡ್ಕೊಂಡ್ರೆ? ದಾರಿ ಸರಿ ಇದೆ ಅಂತ ನೋಡಿ ನಾನು ಕರೀತೀನಿ." ಇನ್ನೊಂದು ಮಾತನ್ನೂ ಸೇರಿಸುತ್ತಾರೆ. "ಮತ್ತೆ, ಅಷ್ಟು ಚೆನ್ನಾಗಿ ಸತ್ತವರಿಗೆ ವಾಪಸ್ ಬರೋಕೆ ಒಂದು ದನಿ ಬೇಕಾಗುತ್ತಪ್ಪ."

ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಸಾಯುತ್ತಿದ್ದವರು ಮಾವನ ಸ್ವಂತ ಅಣ್ಣ. ಹಗಲು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು, ಸಂಜೆ ಇಲ್ಲಿ ರಾಜ, ಕಳ್ಳ, ಸಾಹುಕಾರ, ಮುದುಕ. ವೇಷ ಯಾವುದಾದರೂ ಸಾವು ತಪ್ಪುತ್ತಿರಲಿಲ್ಲ. ರಂಗದ ಬಲ ಮೂಲೆಯಲ್ಲಿಯೇ ಬೀಳುವುದು ಅವರ ರೂಢಿ. ಕೆಲವು ವರ್ಷಗಳ ಹಿಂದೆ ಎದೆನೋವೆಂದು ಆಸ್ಪತ್ರೆ ಸೇರಿದವರು ಮರಳಲಿಲ್ಲ. "ಅಲ್ಲೂ ಕರೆದೆ. ಇಲ್ಲಿ ಕರೆಯೋ ಹಾಗೇ, ಅಣ್ಣಾ ಏಳೋ ಅಂತ. ನರ್ಸಮ್ಮ ನನ್ನ ಭುಜ ಹಿಡಿದು ಹೊರಗೆ ಕರ್ಕೊಂಡು ಹೋದ್ರು." ಮಾವ ಹಗ್ಗದ ತುದಿಯನ್ನು ಸುಮ್ಮನೆ ಸುತ್ತುತ್ತಾರೆ.

ಮುಂದಿನದನ್ನು ಅವರು ಯಾರಿಗೂ ತಾವಾಗಿ ಹೇಳುವುದಿಲ್ಲ. ಕೇಳಿದರೆ ಮುಚ್ಚಿಡುವುದೂ ಇಲ್ಲ. ಅಣ್ಣ ಹೋದ ಮೇಲಿನ ಮೊದಲ ನಾಟಕದಲ್ಲಿ ಇಬ್ಬರು ಸತ್ತಿದ್ದರು. ಇಬ್ಬರನ್ನೂ ಕರೆದದ್ದಾಯಿತು. ನಾಲಿಗೆಗೆ ಅಭ್ಯಾಸ ನೋಡಿ, ಅದು ಅಲ್ಲಿಗೆ ನಿಲ್ಲಲಿಲ್ಲ. "ಅಣ್ಣಾ, ಏಳೋ" ಎಂದುಬಿಟ್ಟಿತು. ಅಂದದ್ದೇ ತಡ, ಬಲ ಮೂಲೆಯ ಹಲಗೆ ಕಿರ್ ಎಂದಿತು. ಯಾರೋ ಮೊಣಕಾಲೂರಿ ಎದ್ದ ಸದ್ದು. ಬಟ್ಟೆಯ ಧೂಳು ಕೊಡವಿದ ಸದ್ದು. ಆಮೇಲೆ ಎಡಗಾಲು ತುಸು ಎಳೆಯುವ, ಅಣ್ಣನದೇ ನಡಿಗೆ, ಬಣ್ಣದ ಕೋಣೆಯ ಕಡೆಗೆ.

ಅಂದಿನಿಂದ ಪ್ರತಿ ನಾಟಕದಲ್ಲೂ ಕೊನೆಯ ಕರೆ ಅಣ್ಣನದು. ಕರೆದಾಗಲೆಲ್ಲ ಏಳುತ್ತಾರೆ, ಮುಂದಿನ ನಾಟಕದ ಹೊತ್ತಿಗೆ ಮತ್ತೆ ಬಂದು ಮಲಗಿರುತ್ತಾರೆ.

"ಅದು ಹಳೇ ಮರ ಮಾವ, ಸಂಜೆ ತಂಪಿಗೆ ಕಿರುಗುಟ್ಟುತ್ತೆ," ಎನ್ನುವುದು ಕಾಲೇಜಿನಲ್ಲಿ ಪಾಠ ಹೇಳುವ ನಿರ್ದೇಶಕಿಯ ವಾದ.

"ಇರಬಹುದಮ್ಮ. ಮರಕ್ಕೂ ಮನುಷ್ಯರ ನಡಿಗೆ ಅಭ್ಯಾಸ ಆಗಿರುತ್ತೆ."

ಮನೆಯಲ್ಲೂ ತಂಡದಲ್ಲೂ 'ಗುಂಡ' ಎಂದೇ ಹೆಸರಾದ ಬ್ಯಾಂಕಿನ ನೌಕರ ಮಾತ್ರ ಈ ವಾದಕ್ಕೆ ತಲೆಯಾಡಿಸುವುದಿಲ್ಲ. "ನಾನು ಒಂದ್ಸಲ ಅದೇ ಮೂಲೆ ಹತ್ರ ಸತ್ತಿದ್ದೆ. ಪಕ್ಕದ ಹಲಗೆ ಮೇಲಿಂದ ಭಾರ ಇಳೀತು ಸಾರ್. ನನ್ನ ಹಲಗೆ ಒಂದ್ಚೂರು ಮೇಲೆದ್ದಿತು. ಈಗ ನಾನು ಎಡಗಡೆನೇ ಸಾಯೋದು."

ಬಣ್ಣದ ಕೋಣೆಯಲ್ಲಿ ಕಾಯುವವರು ಅತ್ತಿಗೆ, ಅಣ್ಣನ ಹೆಂಡತಿ. ತಂಡದ ಬಟ್ಟೆಬರೆ ಹೊಲಿಯುವವರು ಅವರೇ. ಕನ್ನಡಿಯ ಮುಂದಿನ ಕುರ್ಚಿಯ ಮೇಲೆ ಯಾರೂ ಬಟ್ಟೆ ಹಾಕುವಂತಿಲ್ಲ. ನಡಿಗೆ ಬಾಗಿಲ ತನಕ ಬರುತ್ತದೆ, ಯಾರೋ ಕೂತಂತೆ ಕುರ್ಚಿಯ ಬೆತ್ತದ ಹೆಣಿಗೆ ಒಮ್ಮೆ ಜಗ್ಗುತ್ತದೆ. ಆಮೇಲೆ ದೀಪ ಆರಿಸುವವರೆಗೂ ಅತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಆ ದಿನದ ಸುದ್ದಿಯನ್ನೆಲ್ಲ ಹೇಳುತ್ತಾರೆ. "ಬದುಕಿದ್ದಾಗ ಇಷ್ಟು ಹೊತ್ತು ನನ್ನೆದುರಿಗೆ ಕೂತವರೇ ಅಲ್ಲ ಪುಣ್ಯಾತ್ಮ. ಈಗ ಎದ್ದು ಹೋಗೋ ಅವಸರ ಇಲ್ಲ ನೋಡಿ," ಎನ್ನುವಾಗ ಅವರ ಮುಖದಲ್ಲಿ ಭಯವಿಲ್ಲ.

ಆದರೆ ಕಟ್ಟಡ ಮಾರಾಟವಾಗಿದೆ. ಸೋಮವಾರ ಗೋಡೆ ಒಡೆಯುವವರು ಬರುತ್ತಾರೆ. ತಂಡಕ್ಕೆ ಬೇರೆ ರಂಗವಿಲ್ಲ. ವಿದಾಯದ ನಾಟಕೋತ್ಸವ ಇಂದು ಸಂಜೆಯ ಕಿರುನಾಟಕಗಳೊಂದಿಗೆ ಮುಗಿಯುತ್ತದೆ. ಬೆಳಗ್ಗೆ ಸಾಯುವವರ ಲೆಕ್ಕ ಕೇಳುತ್ತಿದ್ದ ಮಾವನಿಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಹಗ್ಗಕ್ಕೆ ಎಂದಿಗಿಂತ ಹೆಚ್ಚು ಮೇಣ ತಿಕ್ಕಿದ್ದಾರೆ.

ಸಂಜೆ ಸಭಾಂಗಣ ಕಿಕ್ಕಿರಿದಿದೆ. ಗೋಡೆಗೊರಗಿ ನಿಂತವರೂ ಇದ್ದಾರೆ. ಮೊದಲೆರಡು ನಗೆ ನಾಟಕಗಳು; ಜನ ಬಿದ್ದು ಬಿದ್ದು ನಗುತ್ತಾರೆ. ಕೊನೆಯದು ಒಂದು ಛತ್ರದ ಕತೆ: ಬಿರುಗಾಳಿಗೆ ಸಿಕ್ಕು ಒಳಬಂದ ಇಬ್ಬರು ಪ್ರಯಾಣಿಕರು ಒಬ್ಬರಿಗೊಬ್ಬರು ವಿಷವಿಕ್ಕಿ ಸಾಯುತ್ತಾರೆ. ಒಬ್ಬ ಗುಂಡ, ಮತ್ತೊಬ್ಬಳು ಬೇಕರಿಯಲ್ಲಿ ಕೆಲಸ ಮಾಡುವ ಪುಟ್ಟಿ. ದೀಪ ಮಂಕಾಗುತ್ತದೆ. ಮಾವ ಹಗ್ಗ ಬಿಡುತ್ತಾರೆ. ಪರದೆ ಉಸಿರು ಬಿಟ್ಟ ಹಾಗೆ ಕೆಳಗಿಳಿಯುತ್ತದೆ. ಹೊರಗೆ ಚಪ್ಪಾಳೆಯ ಮಳೆ.

ಒಳಗೆ ಕತ್ತಲು. ಮಾವ ಹಗ್ಗದ ಬುಡದಲ್ಲೇ ನಿಂತು ಕರೆಯುತ್ತಾರೆ.

"ಗುಂಡಾ, ಏಳೋ." ಗುಂಡ ಏದುಸಿರು ಬಿಡುತ್ತ ಏಳುತ್ತಾನೆ. "ಪುಟ್ಟೀ, ಏಳಮ್ಮ." ಪುಟ್ಟಿ ಕಣ್ಣೊರೆಸಿಕೊಳ್ಳುತ್ತ ಏಳುತ್ತಾಳೆ. ಇಬ್ಬರೂ ಪಕ್ಕಕ್ಕೆ ಸರಿದು, ಹೋಗದೆ ನಿಲ್ಲುತ್ತಾರೆ.

ಮಾವ ಮೂರನೆಯ ಕರೆಗೆ ಬಾಯಿ ತೆರೆಯುವಷ್ಟರಲ್ಲಿ ಮಣಿಕಟ್ಟನ್ನು ಒಂದು ಕೈ ಹಿಡಿಯುತ್ತದೆ. ಅತ್ತಿಗೆ. ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ ಇನ್ನೂ ಇದೆ, ತಣ್ಣಗೆ ಚರ್ಮಕ್ಕೆ ಒತ್ತುತ್ತದೆ.

"ಇವತ್ತು ಅವರನ್ನ ಎಬ್ಬಿಸಬೇಡ."

"ಅತ್ತಿಗೆ..."

"ಇವತ್ತು ಎದ್ದರೆ ಮತ್ತೆ ಬಂದು ಮಲಗೋಕೆ ಜಾಗ ಎಲ್ಲಿದೆ ಹೇಳು? ನಾಟಕ ಇಲ್ಲ, ರಂಗ ಇಲ್ಲ. ಎದ್ದವರು ಹೋಗೇಬಿಡ್ತಾರೆ. ಹೀಗೇ ಮಲಗಿದ್ರೆ, ಇಲ್ಲೇ ಇದಾರೆ ಅಂತಾದ್ರೂ ನಾನು ಈ ಬೀದಿ ಕಡೆ ಬಂದು ಹೋಗ್ತೀನಿ. ಇಷ್ಟು ವರ್ಷದಲ್ಲಿ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ಇಲ್ಲ."

"ಇದೊಂದು ಕೇಳ್ತಿದೀನಿ."

ಚಪ್ಪಾಳೆ ನಿಂತಿಲ್ಲ, ಜನ ನಟರನ್ನು ನೋಡಲು ಕಾಯುತ್ತಿದ್ದಾರೆ. ಬಲ ಮೂಲೆಯ ಹಲಗೆ ಸಣ್ಣಗೆ ಕಿರುಗುಟ್ಟುತ್ತದೆ, ನಿದ್ದೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಹಾಗೆ. ಪುಟ್ಟಿ ಗುಂಡನ ತೋಳು ಹಿಡಿದುಕೊಳ್ಳುತ್ತಾಳೆ. ಮಾವ ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ, ತಮ್ಮ ಕೈಯಿಂದ ಬಿಡಿಸುತ್ತಾರೆ.

"ಆಗಲ್ಲ ಅತ್ತಿಗೆ," ಎನ್ನುತ್ತಾರೆ. "ಮಲಗಿದವರನ್ನ ಒಳಗೆ ಬಿಟ್ಟು ನಾನು ಬಾಗಿಲು ಹಾಕಲ್ಲ."